ಚಾಪೆರೋನ್ ಪ್ರೋಟೀನ್ ಜಾಸ್ತಿ ಆದಷ್ಟೂ ಕಾಯಿಲೆ ದೂರನಾ?

ಚಾಪೆರೋನ್ ಪ್ರೋಟೀನ್‌ಗಳು ಜೀವಕೋಶವನ್ನು ಕಾಪಾಡುವುದಾದರೆ, ಅವನ್ನು ಜಾಸ್ತಿ ಮಾಡಿಕೊಂಡರೆ ಕಾಯಿಲೆ ಬರಲ್ವಾ ಅಂತ ಕೇಳಿದ್ದೀರಿ. ಚಾಪೆರೋನ್ ಅಂದರೆ ಬೇರೆ ಪ್ರೋಟೀನ್‌ಗಳು ಸರಿಯಾಗಿ ಮಡಿಚಿಕೊಳ್ಳಲು ನೆರವಾಗುವ ಪ್ರೋಟೀನ್. ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವನು, ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಿರುತ್ತಾರೆ. ಉತ್ತರ: ಇಲ್ಲ, ಅಷ್ಟು ಸಲೀಸಲ್ಲ. ಚಾಪೆರೋನ್‌ಗೆ ನಮ್ಮವರು, ಪರರು ಅನ್ನುವ ಭೇದವೇ ಇಲ್ಲ.

ಪ್ರೋಟೀನ್ ಮೊದಲು ಉದ್ದನೆಯ ಎಳೆಯಾಗಿ ತಯಾರಾಗುತ್ತದೆ. ಸರಿಯಾಗಿ ಮಡಿಚಿಕೊಂಡರಷ್ಟೇ ಕೆಲಸಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದರ ಅಂಟಿಕೊಳ್ಳುವ ಭಾಗಗಳು ಹೊರಗೇ ಇರುತ್ತವೆ, ಪಕ್ಕದ ಎಳೆಗೆ ತಗುಲಿದರೆ ಮುಗೀತು, ಗಂಟು. ಮೊಟ್ಟೆ ಬೇಯಿಸಿದಾಗ ಬಿಳಿ ಭಾಗ ಗಟ್ಟಿಯಾಗುವುದೂ ಹೀಗೆಯೇ. ಎಚ್‌ಎಸ್‌ಪಿ70 ಥರದ ಚಾಪೆರೋನ್‌ಗಳು ಆ ಭಾಗಗಳನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ಎಳೆಗೆ ಸಮಯ ಕೊಡುತ್ತವೆ, ಇದಕ್ಕೆ ಜೀವಕೋಶದ ಇಂಧನವಾದ ಎಟಿಪಿ ಖರ್ಚಾಗುತ್ತದೆ. ಬಿಸಿ ತಾಗಿದಾಗ ಇವು ಜಾಸ್ತಿ ತಯಾರಾಗುತ್ತವೆ, ಹೀಟ್ ಶಾಕ್ ಪ್ರೋಟೀನ್ (ಎಚ್‌ಎಸ್‌ಪಿ) ಅನ್ನುವ ಹೆಸರು ಅದರಿಂದಲೇ.

ಈಗ ಕ್ಯಾನ್ಸರ್ ನೋಡಿ. ಅಲ್ಲಿನ ಮ್ಯುಟೇಶನ್ (ಜೀನ್‌ನಲ್ಲಿ ಬದಲಾವಣೆ) ಆದ ಎಷ್ಟೋ ಪ್ರೋಟೀನ್‌ಗಳು ತಮ್ಮಷ್ಟಕ್ಕೆ ನಿಲ್ಲಲಾರವು, ಅವನ್ನು ಎತ್ತಿ ಹಿಡಿಯುವುದು ನಮ್ಮದೇ ಇನ್ನೊಂದು ಚಾಪೆರೋನ್, ಎಚ್‌ಎಸ್‌ಪಿ90. ಹಾಗಾಗಿ ಅಲ್ಲಿ ಚಾಪೆರೋನ್ ಜಾಸ್ತಿ ಮಾಡುವುದಲ್ಲ, ತಡೆಯುವುದೇ ಚಿಕಿತ್ಸೆಯ ಯೋಚನೆ. ಆದರೆ ಎಚ್‌ಎಸ್‌ಪಿ90 ತಡೆದ ಕೂಡಲೇ ಜೀವಕೋಶ ಗಾಬರಿಯಾಗಿ ಎಚ್‌ಎಸ್‌ಪಿ70 ಹೆಚ್ಚಿಸಿಕೊಂಡು ಬಚಾವಾಗಲು ನೋಡುತ್ತದೆ, ಜೊತೆಗೆ ಮೊದಲ ಔಷಧಗಳು ಲಿವರ್‌ಗೆ ಪೆಟ್ಟು ಕೊಟ್ಟವು, ಹೀಗಾಗಿ ಬಹಳ ವರ್ಷ ಒಂದೂ ಮಾರುಕಟ್ಟೆಗೆ ಬರಲಿಲ್ಲ. 2022ರಲ್ಲಿ ಜಪಾನ್ ಪಿಮಿಟೆಸ್ಪಿಬ್ ಅನ್ನುವ ಔಷಧಕ್ಕೆ ಒಪ್ಪಿಗೆ ಕೊಟ್ಟಿತು, ಅದೂ ಜೀರ್ಣಾಂಗದ ಒಂದು ಬಗೆಯ ಗಡ್ಡೆಗೆ ಮಾತ್ರ.

ನನಗೆ ಇದಕ್ಕಿಂತ ಇಷ್ಟವಾಗುವುದು ಫ್ಯಾಬ್ರಿ ಕಾಯಿಲೆಯ ಕಥೆ. ಇದರಲ್ಲಿ ಆಲ್ಫಾ ಗ್ಯಾಲಕ್ಟೋಸಿಡೇಸ್ ಎ ಅನ್ನುವ ಕಿಣ್ವ ಕೈಕೊಡುತ್ತದೆ. ಒಂದು ಬಗೆಯ ಕೊಬ್ಬು ಕಿಡ್ನಿ, ಹೃದಯ, ನರಗಳಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ಕೆಲವರಲ್ಲಿ ಈ ಕಿಣ್ವ ಪೂರ್ತಿ ಕೆಟ್ಟಿರುವುದಿಲ್ಲ, ಮಡಿಕೆ ಸ್ವಲ್ಪ ಸಡಿಲ ಅಷ್ಟೇ, ಆದರೂ ಜೀವಕೋಶದ ತಪಾಸಣೆಯಲ್ಲಿ ಸಿಕ್ಕಿಬಿದ್ದು ನಾಶವಾಗುತ್ತದೆ. ಮಿಗಲಾಸ್ಟಾಟ್ ಅನ್ನುವ ಚಿಕ್ಕ ಅಣು ಹೋಗಿ ಆ ಕಿಣ್ವದ ಕೆಲಸದ ಜಾಗದಲ್ಲೇ ಕೂತು ಅದನ್ನು ಬಿಗಿ ಮಾಡುತ್ತದೆ. ಕಿಣ್ವ ತಪಾಸಣೆ ದಾಟಿ, ತಾನು ಕೆಲಸ ಮಾಡಬೇಕಾದ ಲೈಸೋಸೋಮ್ (ಜೀವಕೋಶದ ಕಸ ಕರಗಿಸುವ ಚೀಲ) ಸೇರುತ್ತದೆ, ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಅಣು ಕಳಚಿಕೊಳ್ಳುತ್ತದೆ. ಸ್ವಾರಸ್ಯ ಏನು ಗೊತ್ತಾ, ಕೆಲಸದ ಜಾಗದಲ್ಲೇ ಕೂರುವುದರಿಂದ ಈ ಔಷಧ ಅದೇ ಕಿಣ್ವಕ್ಕೆ ಅಡ್ಡಿಯೂ ಹೌದು! ಅದಕ್ಕೇ 123 ಮಿಲಿಗ್ರಾಂ ಕ್ಯಾಪ್ಸೂಲ್ ದಿನ ಬಿಟ್ಟು ದಿನ ಕೊಡುತ್ತಾರೆ, ನಡುವೆ ಕಿಣ್ವಕ್ಕೆ ಕೆಲಸ ಮಾಡಲು ಬಿಡುವು ಸಿಗಲಿ ಅಂತ. ಯುರೋಪಿನಲ್ಲಿ 2016ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಅಂದರೆ ಇದು ಪ್ರೋಟೀನ್ ಅಲ್ಲದಿದ್ದರೂ ಒಂದೇ ಒಂದು ಪ್ರೋಟೀನ್‌ಗೆ ಅಂತಲೇ ಮಾಡಿದ ಚಾಪೆರೋನ್ ಥರದ ಔಷಧ, ಎಲ್ಲದಕ್ಕೂ ಆಗುವ ಟಾನಿಕ್ ಅಲ್ಲ. ಕಿಣ್ವವೇ ತಯಾರಾಗದ ರೋಗಿಗೆ ಇದರಿಂದ ಏನೂ ಉಪಯೋಗವಿಲ್ಲ, ಅದಕ್ಕೇ ಮೊದಲು ಜೀನ್ ಪರೀಕ್ಷೆ ಮಾಡಿಸಿ, ಮ್ಯುಟೇಶನ್ ಯಾವುದು ಅಂತ ನೋಡಿಯೇ ಬರೆದುಕೊಡುತ್ತಾರೆ.

ಇನ್ನು ಚಾಪೆರೋನ್ ಪ್ರೋಟೀನ್ ಅಂತ ಪುಡಿ ಗಿಡಿ ಯಾರಾದರೂ ಮಾರಲು ಬಂದರೆ ಸುಮ್ನೆ ದುಡ್ಡು ಕಳ್ಕೋಬೇಡಿ. ತಿಂದ ಪ್ರೋಟೀನ್ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನ್ ಥರಾನೇ ಜೀರ್ಣವಾಗಿ ಹೋಗುತ್ತದೆ.