ಬೇಸಿಗೆಯಲ್ಲಿ ಮಡಿಕೇರಿಯ ಅಂಗಡಿಗೆ ಬಂದ ಸಿನಿಮಾ ಹೆಸರಿನ ಐಸ್‌ಕ್ರೀಮ್ ಮಳೆಗಾಲಕ್ಕೆ ಮಾಯವಾಗುವುದೇಕೆ?

ಅದು ತಿನ್ನುವ ಜಾಹೀರಾತು. ಚಿತ್ರದ ಸದ್ದು ಅಡಗಿದ ಮೇಲೆ ಅದನ್ನು ತಯಾರಿಸುತ್ತಲೇ ಇರಲು ಕಂಪನಿಗೆ ಕಾರಣವಿರುವುದಿಲ್ಲ. ಚಿತ್ರದ ಹೆಸರು ಬಳಸುವ ಒಪ್ಪಂದಕ್ಕೂ ಅವಧಿ ಇರುತ್ತದೆ.

ಅಷ್ಟು ಬೇಗ ಹೊಸ ರುಚಿ ತರುವುದು ಹೇಗೆಂದರೆ, ಅದರಲ್ಲಿ ನಿಜಕ್ಕೂ ಹೊಸದು ಕಡಿಮೆ. ಹಾಲು, ಕೆನೆ, ಸಕ್ಕರೆಯ ಮೂಲ ಮಿಶ್ರಣ ಸಾಮಾನ್ಯವಾಗಿ ಹಳೆಯದೇ. ಅದು ಅರೆಗಟ್ಟಿಯಾಗಿ, ಮೆತ್ತಗೆ ಯಂತ್ರದಿಂದ ಹೊರಬರುವಾಗ ಸಾಸಿನ ಎಳೆಯನ್ನೋ ಬಿಸ್ಕತ್ತಿನ ಚೂರನ್ನೋ ಸೇರಿಸಿ ಡಬ್ಬಿಗೆ ತುಂಬುತ್ತಾರೆ. ಪೂರ್ತಿ ಗಟ್ಟಿಯಾಗುವುದು ಆಮೇಲೆ. ಸೇರಿಸುವ ವಸ್ತುವನ್ನೂ ಮುಚ್ಚಳದ ಚಿತ್ರವನ್ನೂ ಬದಲಿಸಿದರೆ ಕೆಲಸ ಮುಗಿಯಿತು. 2013ರಲ್ಲಿ ಅಮೆರಿಕದ ಐಸ್‌ಕ್ರೀಮ್ ಕಂಪನಿ ಬೆನ್ ಅಂಡ್ ಜೆರ್ರೀಸ್ ‘ಆಂಕರ್‌ಮ್ಯಾನ್ 2’ ಚಿತ್ರಕ್ಕಾಗಿ ತಂದ ‘ಸ್ಕಾಚಿ ಸ್ಕಾಚ್ ಸ್ಕಾಚ್’ ಏನು ಗೊತ್ತೇ? ಬಟರ್‌ಸ್ಕಾಚ್ ಐಸ್‌ಕ್ರೀಮಿನೊಳಗೆ ಬಟರ್‌ಸ್ಕಾಚ್ ಸುರುಳಿ, ಅಷ್ಟೇ!

ಇನ್ನು ಮಡಿಕೇರಿಯ ಮಾತು. ಜೂನ್‌ನಲ್ಲಿ ಮಳೆ ಹಿಡಿದರೆ ಕೊಡಗಿನಲ್ಲಿ ಐಸ್‌ಕ್ರೀಮ್ ಕೇಳುವವರು ಕಡಿಮೆ, ಕರೆಂಟು ಕೈಕೊಡುವುದು ಹೆಚ್ಚು. ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮಿನಲ್ಲಿ ಮಂಜಿನ ಹರಳುಗಳು ದಪ್ಪವಾಗಿ, ಬಾಯಿಗಿಟ್ಟರೆ ಮರಳು ಮರಳು. ಹೀಗಿರುವಾಗ ಅಂಗಡಿಯವರು ಇರುವ ಒಂದು ಫ್ರೀಜರಿನಲ್ಲಿ ಹೇಗೂ ಖರ್ಚಾಗುವ ವೆನಿಲಾಗೆ ಜಾಗ ಕೊಡುತ್ತಾರೆಯೇ ಹೊರತು ಹಳೆಯ ಚಿತ್ರದ ಡಬ್ಬಿಗಲ್ಲ.