48 ತಂಡ ಆಡಿದರೂ ಭಾರತ ಯಾಕಿಲ್ಲ?

ಪ್ರಶ್ನೆ: ಸರ್, ವಿಶ್ವಕಪ್ ಫುಟ್‌ಬಾಲ್‌ಗೆ ಈಗ 48 ತಂಡ. ಕೇಪ್ ವರ್ಡೆ, ಕುರಸಾವೊ ಥರದ, ನಾವು ಹೆಸರೇ ಕೇಳದ ದೇಶಗಳು ಕೂಡ 2026ಕ್ಕೆ ಅರ್ಹತೆ ಪಡೆದವು. 140 ಕೋಟಿ ಜನರಲ್ಲಿ ನಮಗೆ 11 ಆಟಗಾರರು ಸಿಗಲ್ವಾ? 2030ಕ್ಕಾದರೂ ಆಸೆ ಇಟ್ಟುಕೊಳ್ಳಬಹುದಾ?
– ಓದುಗರು, ಮೂಡಿಗೆರೆ

ಉತ್ತರ: 2030ಕ್ಕೆ ಆಸೆ ಬೇಡ. ಸುಮ್ನೆ ಸಮಾಧಾನ ಹೇಳಿ ಪ್ರಯೋಜನವಿಲ್ಲ.

ಜನಸಂಖ್ಯೆಯ ಲೆಕ್ಕ ಎಲ್ಲರೂ ಕೇಳುತ್ತಾರೆ. ಕೇಪ್ ವರ್ಡೆಯಲ್ಲಿ ಇರುವುದು ಸುಮಾರು 5 ಲಕ್ಷ ಜನ, ಅಂದರೆ ನಿಮ್ಮ ಚಿಕ್ಕಮಗಳೂರು ಜಿಲ್ಲೆಯ ಅರ್ಧದಷ್ಟೂ ಇಲ್ಲ. ಕುರಸಾವೊ ಹೆಚ್ಚುಕಡಿಮೆ ನಮ್ಮ ಹಾಸನ ನಗರದಷ್ಟು. ಆದರೆ ಕುರಸಾವೊ ಆಟಗಾರರಲ್ಲಿ ಬಹುತೇಕರು ಹುಟ್ಟಿ ಬೆಳೆದದ್ದು ನೆದರ್ಲೆಂಡ್ಸ್‌ನಲ್ಲಿ. ಆಟ ಕಲಿತದ್ದೂ ಅಲ್ಲೇ. ಕೇಪ್ ವರ್ಡೆ ತಂಡದಲ್ಲೂ ಯುರೋಪಿನಲ್ಲಿ ಹುಟ್ಟಿದವರು ಜಾಸ್ತಿ. ನಮಗೆ ಆ ದಾರಿ ಇಲ್ಲ. ಭಾರತಕ್ಕೆ ಆಡಬೇಕಾದರೆ ಭಾರತದ ಪಾಸ್‌ಪೋರ್ಟ್ ಬೇಕು, ಎರಡು ದೇಶದ ಪೌರತ್ವಕ್ಕೆ ನಮ್ಮ ಕಾನೂನು ಒಪ್ಪುವುದಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದರು. ಅಂಥವರು ಎಷ್ಟು ಜನ ಸಿಗುತ್ತಾರೆ? ನಾವು ನೋಡಬೇಕಾದದ್ದು ಉಜ್ಬೇಕಿಸ್ತಾನ, ಜೋರ್ಡಾನ್‌ಗಳನ್ನು. ಎರಡೂ ಏಷ್ಯಾದವೇ, ಎರಡೂ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆದದ್ದು 2026ಕ್ಕೆ.

ಬಾಗಿಲು ದೊಡ್ಡದಾಗಿದೆ, ಅದು ನಿಜ. ಮೊದಲು ಏಷ್ಯಾಕ್ಕೆ ನೇರವಾಗಿ 4 ಸ್ಥಾನ ಇತ್ತು, ಈಗ 8. ಅದರ ಮೇಲೆ ಪ್ಲೇಆಫ್‌ನ ಒಂದು ಅವಕಾಶ. ಈ ಸಲ ನಾವು ಎರಡನೇ ಸುತ್ತಿನಲ್ಲಿ ಕತಾರ್, ಕುವೈತ್, ಅಫ್ಗಾನಿಸ್ತಾನದ ಜೊತೆ ಇದ್ದೆವು. ಗುಂಪಿನಲ್ಲಿ ಎರಡನೆಯವರಾದರೂ ಸಾಕಿತ್ತು, ಮುಂದಿನ ಸುತ್ತು ಸಿಗುತ್ತಿತ್ತು. 2023ರ ನವೆಂಬರ್‌ನಲ್ಲಿ ಕುವೈತ್‌ಗೆ ಹೋಗಿ 1–0ಯಿಂದ ಗೆದ್ದಾಗ ನಾನೂ ಲೆಕ್ಕ ಹಾಕಿದ್ದೆ, ಈ ಸಲ ಆಗುತ್ತೆ ಅಂತ.

ಕೊನೆಗೆ ಏನಾಯಿತು? ಜನ ಇವತ್ತಿಗೂ ಬಯ್ಯುವುದು ದೋಹಾದ ಪಂದ್ಯದ ರೆಫರಿಯನ್ನು. 2024ರ ಜೂನ್‌ನಲ್ಲಿ ಅಲ್ಲಿ ನಾವು ಮುಂದಿದ್ದೆವು. ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು. ಅದನ್ನು ಎಳೆದು ತಂದು ಕತಾರ್ ಗೋಲು ಹೊಡೆಯಿತು, ರೆಫರಿ ಕೊಟ್ಟೂಬಿಟ್ಟರು. ಕೊನೆಗೆ 1–2. ಅನ್ಯಾಯವೇ, ನಾನು ಇಲ್ಲ ಅನ್ನಲ್ಲ. ಆದರೆ ನನ್ನ ಪ್ರಕಾರ ನಾವು ಸೋತದ್ದು ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಗುವಾಹಟಿಯಲ್ಲಿ. ನಮ್ಮದೇ ಮೈದಾನ, ನಮ್ಮದೇ ಜನ, ಸುನಿಲ್ ಛೆಟ್ರಿಯ 150ನೇ ಪಂದ್ಯ. ಅವರ ಪೆನಾಲ್ಟಿಯಿಂದ ಮುಂದೆ ಹೋಗಿ, 70ನೇ ನಿಮಿಷದವರೆಗೂ ಮುಂದಿದ್ದು, ಅಫ್ಗಾನಿಸ್ತಾನದ ಎದುರು 1–2ರಿಂದ ಸೋತೆವು. ಪಾಯಿಂಟ್ ನೋಡಿ: ಕುವೈತ್ 7, ನಾವು 5. ಅವತ್ತು ಗೆದ್ದಿದ್ದರೆ 8 ಆಗುತ್ತಿತ್ತು. ದೋಹಾದ ಗಲಾಟೆಯೇ ಬೇಕಿರಲಿಲ್ಲ.

6 ಪಂದ್ಯಕ್ಕೆ ನಮ್ಮದು ಒಟ್ಟು 3 ಗೋಲು: ಮನ್‌ವೀರ್ ಸಿಂಗ್, ಛೆಟ್ರಿ, ಛಾಂಗ್ಟೆ ತಲಾ ಒಂದು. ಛೆಟ್ರಿಯದು ಪೆನಾಲ್ಟಿ. ಅದನ್ನು ಬಿಟ್ಟರೆ ಆಡಿ ಹೊಡೆದದ್ದು ಎರಡೇ. ರೋಗ ಇರುವುದು ಇಲ್ಲಿ. ನಮ್ಮ ಲೀಗ್‌ನ ಕ್ಲಬ್‌ಗಳು ಗೋಲು ಹೊಡೆಯುವ ಜಾಗಕ್ಕೆ ವಿದೇಶಿಯರನ್ನು ತರುತ್ತವೆ. ನಮ್ಮ ಹುಡುಗರು ಪಕ್ಕದಲ್ಲಿ ವಿಂಗರ್ ಆಗಿ ಓಡುತ್ತಾರೆ, ಅಲ್ಲಿಂದ ಗೋಲಿನ ಎದುರಿಗೆ ಚೆಂಡು ಒದ್ದು ಕ್ರಾಸ್ ಹಾಕುತ್ತಾರೆ. ದೇಶದ ಅಂಗಿ ಹಾಕಿದ ದಿನ ಮಾತ್ರ ನಡುವೆ ನಿಂತು ಗೋಲು ಹೊಡಿ ಅಂದರೆ ಹೇಗೆ ಹೊಡೆಯಬೇಕು? ಅದಕ್ಕೇ 2024ರ ಜೂನ್‌ನಲ್ಲಿ ವಿದಾಯ ಹೇಳಿದ್ದ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಿದರು. ಆಗ ಅವರಿಗೆ 40 ವರ್ಷ! ಅವರು ಬಂದ ಮೊದಲ ಪಂದ್ಯದಲ್ಲೇ ಮಾಲ್ಡೀವ್ಸ್ ಎದುರು ಗೋಲು ಹೊಡೆದರು ಅನ್ನಿ. ಆದರೂ 2027ರ ಏಷ್ಯಾ ಕಪ್‌ನ ಅರ್ಹತಾ ಸುತ್ತಿನಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ ಮೂರಕ್ಕೂ ಸೋತೆವು. ಏಷ್ಯಾ ಕಪ್ಪೇ ತಪ್ಪಿದ ಮೇಲೆ ವಿಶ್ವಕಪ್ ಮಾತು ಎಲ್ಲಿಂದ ಬರಬೇಕು?

ನಾನು ಕಣ್ಣಿಟ್ಟಿರುವುದು ಹುಡುಗರ ಮೇಲೆ. 17 ವರ್ಷದೊಳಗಿನವರ ವಿಶ್ವಕಪ್ 2025ರಿಂದ ವರ್ಷವರ್ಷ ನಡೆಯುತ್ತಿದೆ, ಅದರಲ್ಲೂ 48 ತಂಡ. 2017ರಲ್ಲಿ ನಾವೇ ಆತಿಥೇಯರಾದ್ದರಿಂದ ಆಡಿದ್ದೆವು, ಜೀಕ್ಸನ್ ಸಿಂಗ್ ಕೊಲಂಬಿಯಾ ಎದುರು ಒಂದು ಗೋಲು ಹೊಡೆದಿದ್ದರು. 2025ರ ನವೆಂಬರ್‌ನಲ್ಲಿ ಈ ವಯಸ್ಸಿನ ನಮ್ಮ ತಂಡ ಅಹಮದಾಬಾದ್‌ನಲ್ಲಿ ಇರಾನ್ ಅನ್ನೇ 2–1ರಿಂದ ಸೋಲಿಸಿತು. ಈ ಹುಡುಗರು 20–22 ವರ್ಷದವರಾದಾಗ ಕ್ಲಬ್‌ನ ಬೆಂಚಿನಲ್ಲಿ ಕೂತಿರುತ್ತಾರಾ, ಮೈದಾನದಲ್ಲಿರುತ್ತಾರಾ? 2034ರ ಬಗ್ಗೆ ಏನಾದರೂ ಹೇಳಬೇಕಾದರೆ ನಾನು ಅದನ್ನು ನೋಡಿಯೇ ಹೇಳುವುದು.

ಪ್ರಶ್ನೆ: ಬೂಟು ಇಲ್ಲ ಅಂತ ಭಾರತವನ್ನು 1950ರ ವಿಶ್ವಕಪ್‌ಗೆ ಸೇರಿಸಲಿಲ್ಲ ಅಂತಾರೆ. ನಿಜವೇ?
– ಓದುಗರು, ಅರಸೀಕೆರೆ

ಉತ್ತರ: ಇಲ್ಲ. ಗುಂಪಿನಲ್ಲಿದ್ದ ಬೇರೆ ತಂಡಗಳು ಹಿಂದೆ ಸರಿದಿದ್ದರಿಂದ ನಮಗೆ ಆಡದೆಯೇ ಸ್ಥಾನ ಸಿಕ್ಕಿತ್ತು. ಬ್ರೆಜಿಲ್‌ಗೆ ಹಡಗಿನಲ್ಲಿ ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯ ಸಾಲದು ಅಂತ ನಮ್ಮವರೇ ಹೋಗಲಿಲ್ಲ. ಆಗ ಇಲ್ಲಿ ಒಲಿಂಪಿಕ್ಸ್‌ಗೆ ಇದ್ದ ಬೆಲೆ ವಿಶ್ವಕಪ್‌ಗೆ ಇರಲಿಲ್ಲ. ಬರಿಗಾಲಿನ ಕತೆ ಹುಟ್ಟಿದ್ದು 1948ರ ಲಂಡನ್ ಒಲಿಂಪಿಕ್ಸ್‌ನಿಂದ. ಅಲ್ಲಿ ಹಲವರು ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 1–2ರಿಂದ ಸೋತರು. ಎರಡು ಪೆನಾಲ್ಟಿ ಕೈಬಿಟ್ಟೂ ಅಷ್ಟು ಹತ್ತಿರ! ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

ಪ್ರಶ್ನೆ: ನಮ್ಮ ಹುಡುಗನಿಗೆ 11 ವರ್ಷ. ಮಳೆಗಾಲದಲ್ಲೂ ಬಾಲ್ ಬಿಡಲ್ಲ. ಸಕಲೇಶಪುರದಲ್ಲಿ ಕೋಚಿಂಗ್ ಇಲ್ಲ. ಬೆಂಗಳೂರಿಗೆ ಕಳಿಸಬೇಕಾ?
– ಒಬ್ಬ ತಾಯಿ, ಸಕಲೇಶಪುರ

ಉತ್ತರ: ಈಗಲೇ ಬೇಡಮ್ಮ. ಈ ವಯಸ್ಸಿಗೆ ಊರಲ್ಲೇ ನಾಲ್ಕೈದು ಹುಡುಗರ ಜೊತೆ ಚಿಕ್ಕ ಜಾಗದಲ್ಲಿ ದಿನಾ ಆಡಿದರೆ ಸಾಕು. ಚಿಕ್ಕ ಜಾಗದಲ್ಲಿ ಚೆಂಡು ಜಾಸ್ತಿ ಸಲ ಕಾಲಿಗೆ ಸಿಗುತ್ತದೆ. ಎಡಗಾಲಿನಲ್ಲೂ ಒದೆಯಲು ಹೇಳಿ. ಶಾಲೆಯ ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಗಳನ್ನು ತಪ್ಪಿಸಬೇಡಿ. ಕ್ರೀಡಾ ನಿಲಯಗಳ ಆಯ್ಕೆ ಯಾವಾಗ, ಫುಟ್‌ಬಾಲ್‌ಗೆ ಎಲ್ಲೆಲ್ಲಿ ಇದೆ ಅಂತ ಹಾಸನದ ಕ್ರೀಡಾ ಇಲಾಖೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಜನನ ಪ್ರಮಾಣಪತ್ರದಲ್ಲಿ ಹೆಸರು, ತಾರೀಕು ತಪ್ಪಿದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ. ವಯಸ್ಸಿನ ತಂಡಗಳ ಆಯ್ಕೆಯಲ್ಲಿ ಮೊದಲು ಕೇಳುವುದು ಅದನ್ನೇ. ಹಾಗೇ ಅವನನ್ನು ಮಧ್ಯದಲ್ಲಿ, ಗೋಲಿನ ಎದುರೇ ಆಡಿಸಿ ಅಂತ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಹೇಳಿ. ಪಕ್ಕದಲ್ಲಿ ಓಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.