ಚೀನಾದ ಚಿಂತನೆ, ಅಮೆರಿಕದ ಇತಿಹಾಸ: ಮಗನಿಗೆ ಎರಡೂ ಯಾಕೆ?

ಪ್ರಶ್ನೆ: ಮೇಡಂ, ನನ್ನ ಮಗ ಟೆಕ್ಸಾಸ್‌ನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಓದುತ್ತಿದ್ದಾನೆ. ಈ ಸೆಮಿಸ್ಟರ್‌ಗೆ ಅಮೆರಿಕದ ಇತಿಹಾಸ, ಪ್ರಾಚೀನ ಚೀನಾದ ಚಿಂತನೆ ಅಂತ ಎರಡು ವಿಷಯ ತೆಗೆದುಕೊಂಡಿದ್ದಾನೆ. ಸಾಲ ಮಾಡಿ ಕಳಿಸಿದ್ದೇವೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಇವುಗಳಿಂದ ಅವನಿಗೇನು ಉಪಯೋಗ? ಬಿಡಿಸಲೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬಿಡಿಸಬೇಡಿ ತಾಯಿ. ಇತಿಹಾಸವನ್ನಂತೂ ಬಿಡಿಸಲು ಆಗುವುದೇ ಇಲ್ಲ. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಯಾವ ಡಿಗ್ರಿ ಬೇಕೆಂದರೂ ಅಮೆರಿಕದ ಇತಿಹಾಸದ 6 ಕ್ರೆಡಿಟ್ (ಪಾಠದ ಗಂಟೆಗಳ ಲೆಕ್ಕ) ಮುಗಿಸಬೇಕು, ಕಾನೂನೇ ಹಾಗಿದೆ. ಚೀನಾದ ಚಿಂತನೆಯನ್ನು ಅವನೇ ಇಷ್ಟಪಟ್ಟು ಆರಿಸಿಕೊಂಡಿರಬೇಕು. ನನಗೆ ಜಾಸ್ತಿ ಖುಷಿಯಾದದ್ದು ಅದಕ್ಕೇ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ನಮ್ಮ ಹುಡುಗರು ಚೀನಾ ಎಂದರೆ ರಾಜವಂಶಗಳ ಹೆಸರು ಬಾಯಿಪಾಠ ಮಾಡುತ್ತಿದ್ದರು, ಅಷ್ಟೇ. ಅಲ್ಲಿನವರು ಏನು ಯೋಚಿಸಿದರು ಎಂದು ಕೇಳುವವರೇ ಇರಲಿಲ್ಲ.

ಸಂಬಂಧವೇ ಇಲ್ಲ ಅಂತೀರಲ್ಲ, ಒಂದು ಪ್ರಸಂಗ ಕೇಳಿ. ಪುಟ್ಟ ಮಗುವೊಂದು ಬಾವಿಗೆ ಬೀಳುವುದರಲ್ಲಿದೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಮಗುವಿನ ಅಪ್ಪ ಅಮ್ಮನ ಹತ್ತಿರ ಒಳ್ಳೆಯವರಾಗಬೇಕು ಅಂತಲ್ಲ, ಊರವರು ಹೊಗಳಲಿ ಅಂತಲೂ ಅಲ್ಲ. ತಾನಾಗಿಯೇ. ಮನುಷ್ಯನೊಳಗೆ ಒಳ್ಳೆಯತನದ ಮೊಳಕೆ ಇದೆ ಎನ್ನಲು ಇಷ್ಟು ಸಾಕಲ್ವಾ ಎಂದ ಚೀನಾದ ಚಿಂತಕ ಮೆನ್ಸಿಯಸ್. ಕ್ರಿಸ್ತಪೂರ್ವ 4ನೇ ಶತಮಾನದ ಮಾತಿದು. ಅವನ ನಂತರ ಬಂದ ಷುನ್‌ಜಿ ಒಪ್ಪಲಿಲ್ಲ. ಇಬ್ಬರೂ ಚೀನಾದ ಹಳೆಯ ಗುರು ಕನ್‌ಫ್ಯೂಷಿಯಸ್‌ನ ದಾರಿಯವರೇ. ಆದರೆ ಹುಟ್ಟುಗುಣ ಕೆಟ್ಟದ್ದೇ, ಸುಮ್ನೆ ಬಿಟ್ಟರೆ ಜನ ಕಿತ್ತಾಡುತ್ತಾರೆ ಎಂದ ಷುನ್‌ಜಿ. ಸೊಟ್ಟ ಮರವನ್ನು ಆವಿಯಲ್ಲಿಟ್ಟು, ಅದುಮಿ ನೆಟ್ಟಗೆ ಮಾಡುತ್ತಾರಲ್ಲ, ಹಾಗೆ ಗುರು, ಓದು, ಆಚಾರಗಳಿಂದ ಮನುಷ್ಯನನ್ನು ತಿದ್ದಬೇಕು ಎಂಬುದು ಅವನ ವಾದ.

ಈಗ ಫಿಲಡೆಲ್ಫಿಯಾಕ್ಕೆ ಬನ್ನಿ. ಅಲ್ಲಿ 1787ರಲ್ಲಿ ಅಮೆರಿಕದ ಸಂವಿಧಾನ ಸಿದ್ಧವಾಯಿತು. ಅದನ್ನು ಸಮರ್ಥಿಸಿ ಮರುವರ್ಷ ಬರೆದ ಲೇಖನದಲ್ಲಿ, ಸಂವಿಧಾನ ರೂಪಿಸಿದವರಲ್ಲೊಬ್ಬನಾದ ಜೇಮ್ಸ್ ಮ್ಯಾಡಿಸನ್ ಇದೇ ಪ್ರಶ್ನೆಗೆ ಬರುತ್ತಾನೆ. ಮನುಷ್ಯರೆಲ್ಲ ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಎನ್ನುತ್ತಾನೆ. ಆದರೆ ಮನುಷ್ಯನನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಅಧಿಕಾರವನ್ನು ಹಂಚಿಬಿಡಿ, ಒಬ್ಬನ ಆಸೆಗೆ ಇನ್ನೊಬ್ಬನ ಆಸೆಯೇ ಅಡ್ಡ ನಿಲ್ಲಲಿ ಎಂಬುದು ಅವನ ಉಪಾಯ. ಜಾಣ ಉಪಾಯ, ಅನುಮಾನವಿಲ್ಲ. ಆದರೆ ಅದೇ ಸಂವಿಧಾನ ಜನರನ್ನು ಎಣಿಸುವಾಗ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿಯಿತು. ಮ್ಯಾಡಿಸನ್‌ನ ಸ್ವಂತ ತೋಟದಲ್ಲೇ ಗುಲಾಮರು ದುಡಿಯುತ್ತಿದ್ದರು. ಗುಲಾಮಗಿರಿ ಹೋಗಲು 1865ರವರೆಗೆ ಕಾಯಬೇಕಾಯಿತು, ನಡುವೆ ಒಂದು ಘೋರ ಅಂತರ್ಯುದ್ಧವೂ ಆಯಿತು. ಒಳ್ಳೆಯ ವ್ಯವಸ್ಥೆ ಇದ್ದರೆ ಸಾಕೇ, ಒಳ್ಳೆಯ ಮನುಷ್ಯರೂ ಬೇಕೇ? ಎರಡೂ ತರಗತಿಯಲ್ಲಿ ಕೂತ ಹುಡುಗನಿಗೆ ಈ ಪ್ರಶ್ನೆ ಕಾಡದೆ ಇರುವುದಿಲ್ಲ.

ಇನ್ನೊಂದು ಜಾಗವನ್ನು ಅವನು ರಜೆಯಲ್ಲಿ ನೋಡಲಿ ಎಂಬ ಆಸೆ ನನಗೆ. ಚೀನಾದ ಕೂಲಿಕಾರರು ಬರಬಾರದೆಂದು ಅಮೆರಿಕ 1882ರಲ್ಲಿ ಕಾನೂನು ಮಾಡಿತು. ಅದು ರದ್ದಾದದ್ದು 1943ರಲ್ಲಿ. 1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಹಡಗಿನಿಂದ ಇಳಿದ ಚೀನೀಯರನ್ನು ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಕೂಡಿಹಾಕಿ ವಿಚಾರಣೆ ಮಾಡುತ್ತಿದ್ದರು. ಊರಿನ ನೆನಪು, ಅವಮಾನ, ಸಿಟ್ಟು ಎಲ್ಲವನ್ನೂ ಅವರು ಮರದ ಗೋಡೆಗಳ ಮೇಲೆ ಪದ್ಯಗಳಾಗಿ ಕೆತ್ತಿದರು. ಪದ್ಯದ ಕಟ್ಟು ಹಳೆಯ ಚೀನಾದ್ದು, ಗೋಡೆ ಅಮೆರಿಕದ್ದು. ಅವು ಈಗಲೂ ಅಲ್ಲಿವೆ.

ಕೆಲಸದ ಸಂದರ್ಶನದಲ್ಲಿ ಇದನ್ನೆಲ್ಲ ಯಾರೂ ಕೇಳಲಿಕ್ಕಿಲ್ಲ, ನಿಜ. ಸಾಲದ ಚಿಂತೆಯೂ ಸಣ್ಣದಲ್ಲ. ಆದರೆ ಅವನ ಕಂಪ್ಯೂಟರ್ ಓದು ಎಲ್ಲೂ ಹೋಗಿಲ್ಲ, ಜೊತೆಗೇ ನಡೆಯುತ್ತಿದೆ. ಇವೆರಡರಲ್ಲಿ ಓದುವುದು, ಬರೆಯುವುದು ಜಾಸ್ತಿ. ಮೆನ್ಸಿಯಸ್‌ನನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸಲು ಆಗದು. ದಿನಕ್ಕೆ ಸ್ವಲ್ಪ ಸ್ವಲ್ಪ ಓದಲು ಹೇಳಿ.

ಇನ್ನೊಂದು ಮುಖ್ಯ ವಿಷಯ. ಅವನು ವಿದ್ಯಾರ್ಥಿ ವೀಸಾದಲ್ಲಿ ಇದ್ದರೆ ಸೆಮಿಸ್ಟರ್‌ಗೆ ಸಾಮಾನ್ಯವಾಗಿ 12 ಕ್ರೆಡಿಟ್ ಆದರೂ ಇರಲೇಬೇಕು. ನಡುವೆ ವಿಷಯ ಬಿಟ್ಟು ಅದಕ್ಕಿಂತ ಕಡಿಮೆಯಾದರೆ ವೀಸಾಕ್ಕೇ ತೊಂದರೆ. ಯಾವುದನ್ನು ಬಿಡುವುದಿದ್ದರೂ ಮೊದಲು ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಆಫೀಸಿಗೆ ಹೋಗಿ ಕೇಳಲಿ.